ಜೀಪಿನ ಬೆನ್ನಿಗೆ ಸೈಕಲ್

8 ಜೂನ್ 2003, ರವಿವಾರ. ಮಧ್ಯಾಹ್ನ 3

ಇವತ್ತೂ ಅದೇ ರಗಳೆ. ಕಾಜಲ್‌ಳ ರೇಸ್ ಸೈಕಲ್ಲನ್ನು ಜೀಪಿನೊಳಗೆ ಅಡ್ಡ ಮಲಗಿಸಿ ತೇರಗಾಂವದ ರಸ್ತೆಗೆ ಒಯ್ದೆವು. ಹಿಂದಿನ ಚಕ್ರ ಚಂದ್ರಿಯ ತೊಡೆ ಮೇಲೆ. ಹ್ಯಾಂಡಲ್ ನನ್ನ ಕಿವಿಯ ಪಕ್ಕ. ಗೇರ್ ಬದಲಿಸುವಾಗಲೆಲ್ಲ ಬ್ರೇಕಿನ ಹಿಡಿ ಕೆನ್ನೆಗೆ ಚುಚ್ಚುತ್ತದೆ. ಹುಡುಗಿ ಹಿಂದೆ ಅರ್ಧ ಹೊರಗೆ ಜೋತುಬಿದ್ದು ಬಂದಳು. ಹಳಿಯಾಳದಲ್ಲಿ ತರಕಾರಿ ತರಲೆಂದು ಜೊತೆಗೆ ಬಂದ ಚಂದ್ರಿ ಸೀರೆಗೆ ಗ್ರೀಸ್ ಬಳಿದುಕೊಂಡು ಇಳಿದಳು.

"ಮಗಳನ್ನ ಒಳಗ ಕುಂದ್ರಸ್ರಿ, ಸೈಕಲ್ ಹೊರಗ ಕಟ್ರಿ. ನೀವು ಉಲ್ಟಾ ಮಾಡೀರಿ," ಎಂದಳು.

ಹೆಂಡತಿ ಹೇಳಿದ್ದು ಸರಿ ಇದ್ದಾಗ ಉತ್ತರ ಕೊಡಬಾರದು. ಕೊಡಲಿಲ್ಲ.

ದಾಂಡೇಲಿಯಲ್ಲಿ ಅಭ್ಯಾಸ ಸಾಧ್ಯವಿಲ್ಲ. ಕಟ್ಟಿಗೆ ಲಾರಿ, ತಿರುವು, ದನ. ತೇರಗಾಂವದ ಕಡೆ ಸಪಾಟು ರಸ್ತೆ. ಹದಿನೈದರ ಹುಡುಗಿ, ಗಾಳಿ ಹೊಡೆದಂತೆ ಹೋಗುತ್ತಾಳೆ. ನವೆಂಬರಿನಲ್ಲಿ ಮುಂಡಗೋಡದಲ್ಲಿ ಜಿಲ್ಲಾ ಆಯ್ಕೆ. ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಕೋಚು, ಒಳ್ಳೆಯ ಸೈಕಲ್ಲು. ಅವಳಿಗೆ ಬೇರೆ ಯಾವುದೂ ಬೇಡ. ನನಗೂ.

ಸೈಕಲ್ ಹೊರಗೆ ಕಟ್ಟುವುದು ಎಲ್ಲಿ? ಮೇಲೆ ಆಗದು — ತಾಡಪತ್ರಿಯ ಟಾಪು. ಹಿಂದೆ ಬೆಲ್ಟಿನಿಂದ ಬಿಗಿಯೋಣವೆಂದರೆ ಸ್ಟೆಪ್ನಿ ಅಡ್ಡ. ಉಳಿದದ್ದು ಟ್ರೇಲರ್ ಎಳೆಯುವ ಹುಕ್ಕು. ಹಳೇ ಮಾಲೀಕ ಕಟ್ಟಿಗೆ ಎಳೆಯುತ್ತಿದ್ದ, ಪ್ಲೇಟು ಗಟ್ಟಿ ಇದೆ. ಅದಕ್ಕೇ ಏನಾದರೂ ಕೂರಿಸಬೇಕು.

22 ಜೂನ್, ರವಿವಾರ. ಸಂಜೆ

ಚಂದ್ರಿಯ ತವರು ಮುಂಡಗೋಡದ ಹತ್ತಿರದ ಸನವಳ್ಳಿ. ಅಲ್ಲಿಗೆ ಹೋಗಿದ್ದೆವು. ಭಾವಮೈದುನ ಹೇಳಿದ — ಟಿಬೆಟನ್ ಕಾಲೊನಿಗೆ ಮೆಕ್ಕೆಜೋಳದ ವ್ಯಾಪಾರಕ್ಕೆ ಹೋದಾಗ ಒಂದು ಫಾರಿನ್ ವ್ಯಾನ್ ನೋಡಿದ್ದಾನೆ, ಬೆನ್ನಿಗೆ ಎರಡು ಸೈಕಲ್ ಜೋತುಬಿದ್ದಿವೆ. ಊಟ ಬಿಟ್ಟು ಎದ್ದೆ.

ಇತ್ತು. ಬಿಳಿಯ, ಎತ್ತರದ ಮನುಷ್ಯ, ಮಠಕ್ಕೆ ಬಂದವನು. ಮಾತು ಸಾಗಿಸಲು ಒಬ್ಬ ಲಾಮಾ ನಿಂತರು — ನನಗಿಂತ ಚೊಕ್ಕ ಕನ್ನಡ. ಗಾಡಿಯ ಅಡಿಗೆ ಒಂದು ಚೌಕ ಕೊಳವೆ, ಅದರೊಳಗೆ ಸ್ಟ್ಯಾಂಡಿನ ಚೌಕ ಕೊಳವೆ ತೂರಿ, ಅಡ್ಡ ಒಂದು ಪಿನ್ನು. ಅಷ್ಟೇ. ಮೇಲೆ ಎರಡು ತೋಳು, ಅದಕ್ಕೆ ಸೈಕಲ್ ತೂಗುಹಾಕುವುದು. ಚಕ್ರಗಳು ತಟ್ಟೆಯ ಮೇಲೆ ಕೂರುವ ಇನ್ನೊಂದು ತರಹವೂ ಇದೆಯಂತೆ, ಮಣ್ಣಿನಲ್ಲಿ ಚಿತ್ರ ಬಿಡಿಸಿ ತೋರಿಸಿದ. ಅದು ಭಾರ. ನನಗೆ ತೂಗುವುದೇ ಸಾಕು.

ಗೇಣು ಹಾಕಿ ಅಳೆದೆ. ಅವನು ನಗುತ್ತ ಟೇಪು ಕೊಟ್ಟ. ಆಮೇಲೆ ಬಗ್ಗಿ ನನ್ನ ಜೀಪಿನ ಅಡಿಗೂ ನೋಡಿದ. ಸೈಲೆನ್ಸರ್ ಪೈಪು ಪಕ್ಕಕ್ಕೆ ಬಿಟ್ಟಿದೆ ಎಂದು ಕಂಡು, ಸರಿ ಎಂಬಂತೆ ತಲೆಯಾಡಿಸಿದ. ಇವನೇನು ನನ್ನ ಜೀಪು ಪಾಸ್ ಮಾಡಲು ಬಂದ ಆರ್‌ಟಿಓನೇ ಎಂದುಕೊಂಡೆ.

6 ಜುಲೈ, ರವಿವಾರ

ಆಯಿತು. ಎರಡು ರವಿವಾರ ಹಿಡಿಯಿತು. ಯಾರ ಕೈಗೂ ಕೊಡಲಿಲ್ಲ. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿ ಸ್ವಂತ ಜೀಪಿಗೆ ಬೇರೆಯವರಿಂದ ವೆಲ್ಡಿಂಗ್ ಮಾಡಿಸಿದರೆ ನಾಚಿಕೆ.

ಮೊದಲು ಅಲುಗಾಡಿತು. ಕೊಳವೆಯೊಳಗೆ ಕೊಳವೆ, ನೂಲಿನಷ್ಟು ಸಂದು, ಅದೇ ಸಾಕು ತೋಳಿನ ತುದಿ ಗೇಣು ಕುಣಿಯಲು. ಪಕ್ಕದಲ್ಲಿ ತೂತು ಕೊರೆದು ಒಂದು ಬೋಲ್ಟ್ ಬಿಗಿದೆ. ಈಗ ನಾನೇ ಹತ್ತಿ ನಿಂತರೂ ಅಲುಗುವುದಿಲ್ಲ. ತೋಳಿಗೆ ಹಳೇ ರಬ್ಬರ್ ಪೈಪಿನ ತುಂಡು ಸುತ್ತಿದ್ದೇನೆ, ಬಣ್ಣ ಕೆರೆಯಬಾರದು.

ಮನ್ಸೂರ ಬಂದು ನೋಡಿದ. ಬಸ್‌ಸ್ಟ್ಯಾಂಡ್ ಹಿಂದೆ ಸೈಕಲ್ ಅಂಗಡಿ ಅವನದು. ಕಾಜಲ್‌ಳ ಸೈಕಲ್ಲಿನ ಕೆಲಸವೆಲ್ಲ ಅವನ ಕೈಯದೇ. ರೇಸಿನ ಟೈರೆಂದರೆ ಟ್ಯೂಬನ್ನು ಒಳಗಿಟ್ಟು ಹೊಲಿದದ್ದು, ರಿಮ್ಮಿಗೆ ಸೊಲ್ಯೂಷನ್ ಹಚ್ಚಿ ಅಂಟಿಸಬೇಕು. ಈ ಕಡೆ ಆ ಕೆಲಸ ಬಲ್ಲವನು ಅವನೊಬ್ಬನೇ. ಸೊಲ್ಯೂಷನ್ ಹಚ್ಚಿ ಮೂರು ದಿನ ಯಾರಿಗೂ ಮುಟ್ಟಗೊಡುವುದಿಲ್ಲ, ಬಾಣಂತಿಯನ್ನು ಕಾದ ಹಾಗೆ ಕಾಯುತ್ತಾನೆ.

"ಚಲೋ ಆಗೇತಿ ದಿನೇಶಣ್ಣ. ಇದನ್ನ ನೋಡಿ ನಾಕ ಮಂದಿ ಮಾಡಸ್ಕೋತಾರ ನೋಡ್ರಿ," ಎಂದ.

ನನಗೆ ಖುಷಿ ಆಯಿತು. ತೋರಿಸಿಕೊಳ್ಳಲಿಲ್ಲ.

27 ಜುಲೈ, ರವಿವಾರ

ಮಳೆ. ಮೊನ್ನೆ ಜೋಯಿಡಾದಾಚೆ ಮಿಲ್ಲಿನ ಗೆಳೆಯನ ತಾಯಿಗೆ ಹುಷಾರಿಲ್ಲವೆಂದು ಕರೆತರಲು ಹೋದೆ. ಹಳ್ಳದ ನಡುವೆ ಸೈಲೆನ್ಸರಿನ ಬಾಯಿಗೆ ನೀರು ನುಗ್ಗಿ ಇಂಜಿನ್ ಬಂದ್. ಮುದುಕಿಯನ್ನು ಮಂಚದ ಮೇಲೆ ಹೊತ್ತು ದಾಟಿಸಿದರು.

ಇವತ್ತು ಪೈಪನ್ನು ಹಿಂದಕ್ಕೆ ಉದ್ದ ಮಾಡಿ, ಮೇಲಕ್ಕೆ ಬಗ್ಗಿಸಿ ವೆಲ್ಡ್ ಮಾಡಿದೆ. ಜೋಯಿಡಾ ಕಡೆ ಜೀಪು ಓಡಿಸುವವರೆಲ್ಲ ಮಳೆಗಾಲಕ್ಕೆ ಇದನ್ನೇ ಮಾಡುತ್ತಾರೆ. ಕ್ಲಾಂಪ್ ಹಾಕಿ ಕೂರಿಸುತ್ತಾರೆ, ದೀಪಾವಳಿಗೆ ಬಿಚ್ಚುತ್ತಾರೆ. ಪ್ರತಿ ವರ್ಷ ಬಿಚ್ಚಿ ಹಾಕುವ ಉಸಾಬರಿ ಯಾಕೆ ಎಂದು ನಾನು ಕಾಯಂ ಮಾಡಿಬಿಟ್ಟೆ.

14 ಸೆಪ್ಟೆಂಬರ್, ರವಿವಾರ

ತೇರಗಾಂವ. ಮಳೆ ಬಿಟ್ಟಿದೆ. ಮಹಾದೇವಕ್ಕ ಟೀಚರು ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. ಸ್ಕೂಲಿನ ಪಿ.ಟಿ. ಟೀಚರು, ನಗು ಅವರ ಖಾತೆಯಲ್ಲಿಲ್ಲ. ಇವತ್ತು ಎರಡು ಸಲ ವಾಚು ನೋಡಿ, ಆಮೇಲೆ ನನ್ನ ಕಡೆ ನೋಡಿದರು.

"ದಿನೇಶ ಅವರ, ಈ ಹುಡುಗಿ ಮನಿಯೊಳಗ ಇರೂದಿಲ್ಲ ಇನ್ನ. ಹಾಸ್ಟೆಲಿಗೆ ಟ್ರಂಕ್ ತರ್ರಿ."

ಬರುವಾಗ ಕಾಜಲ್ ದಾರಿಯುದ್ದಕ್ಕೂ ಹಾಡಿದಳು. ಮನೆಯಿಂದ ಅಲ್ಲಿಗೆ ಮುಕ್ಕಾಲು ತಾಸು. ಸ್ಟ್ಯಾಂಡು ಒಂದು ಸದ್ದೂ ಮಾಡಲಿಲ್ಲ.

8 ನವೆಂಬರ್, ಶನಿವಾರ. ಸಂಜೆ 6

ನಾಳೆ ಮುಂಡಗೋಡದ ಆಯ್ಕೆ. ಮನ್ಸೂರ ವಾರದ ಹಿಂದೆಯೇ ಹೊಸ ಟೈರ್ ಅಂಟಿಸಿಕೊಟ್ಟಿದ್ದಾನೆ. ಇವತ್ತು ಬಂದು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡಿದ. ರೋಜಾದ ಉಪವಾಸ ಇದೆ, ಆದರೂ ಜೊತೆಗೆ ಬರುತ್ತಾನಂತೆ. ಚಂದ್ರಿ ಎರಡು ಸಲ ದೇವರಿಗೆ ದೀಪ ಹಚ್ಚಿದಳು. ನಾನು ಎರಡು ಸಲ ಬೋಲ್ಟ್ ಬಿಗಿ ನೋಡಿದೆ. ಬೆಳಿಗ್ಗೆ ಐದಕ್ಕೆ ಹೊರಡುವುದು.

14 ನವೆಂಬರ್, ಶುಕ್ರವಾರ. ಹುಬ್ಬಳ್ಳಿ, ಆಸ್ಪತ್ರೆ

ಬರೆಯಲು ಆಗಿರಲಿಲ್ಲ. ಈಗ ಅವಳು ಮಲಗಿದ್ದಾಳೆ.

ಅರ್ಧ ದಾರಿಗೆ ಹದಿನೇಳು ಸೆಕೆಂಡು ಮುಂದಿದ್ದಳು. ಸನವಳ್ಳಿಯ ಇಳಿಜಾರು, ಎಡ ತಿರುವು. ನಾವು ತಿರುವಿನಲ್ಲೇ ನಿಂತಿದ್ದೆವು. ಸೈಕಲ್ ವಾಲಿತು, ಮುಂದಿನ ಟೈರು ರಿಮ್ಮಿನಿಂದ ಕಳಚಿ ಪಕ್ಕಕ್ಕೆ ಸರಿಯಿತು. ಬರೀ ರಿಮ್ಮು ಡಾಂಬರಿನ ಮೇಲೆ. ಆ ಸದ್ದು... ಬರೆಯುವುದಿಲ್ಲ.

ಬಲ ಮೊಣಕೈ ಮೂರು ಚೂರು. ಆಪರೇಶನ್ ಆಯಿತು, ಪ್ಲೇಟು ಹಾಕಿದ್ದಾರೆ. ಕೈ ಪೂರ್ತಿ ನೇರ ಆಗುತ್ತದೋ ಇಲ್ಲವೋ ಈಗ ಹೇಳಲಾಗದಂತೆ. ಸೀಟು ಶಿರಸಿಯ ಹುಡುಗಿಗೆ ಹೋಯಿತು.

ಟೀಚರು ಅಲ್ಲೇ ರಸ್ತೆಯಲ್ಲೇ, ಎಲ್ಲರೆದುರು ಮನ್ಸೂರನಿಗೆ ಅಂದರು: "ಸೊಲ್ಯೂಷನ್ ಹಚ್ಚಾಕ ಬರಲಿಲ್ಲಂದ್ರ ಹಚ್ಚಬಾರದು. ಒಂದು ಹುಡುಗಿ ಜೀವನ ಹಾಳ ಮಾಡಿದಿರಿ." ಅವನು ಕಳಚಿದ ಟೈರನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ನಾನೂ ಅಂದೆ. ಏನಂದೆನೋ ನೆನಪಿಲ್ಲ, ಅಂದದ್ದು ನೆನಪಿದೆ.

18 ನವೆಂಬರ್, ಮಂಗಳವಾರ. ಮಧ್ಯಾಹ್ನ

ದಾಂಡೇಲಿಗೆ ಒಬ್ಬನೇ ಬಂದೆ, ಬಟ್ಟೆ ಒಯ್ಯಲು. ಸೈಕಲ್ ಹಿತ್ತಲಲ್ಲಿ ಬಿದ್ದಿತ್ತು. ಭಾವಮೈದುನ ತಂದು ಹಾಕಿದ್ದಾನೆ. ಮುಂದಿನ ಚಕ್ರ ಬಿಚ್ಚಿ ಬಿಸಿಲಿಗೆ ಹಿಡಿದೆ. ಯಾಕೆ ನೋಡಿದೆನೋ.

ರಿಮ್ಮಿನ ಸುತ್ತ ಸೊಲ್ಯೂಷನ್ ಗಟ್ಟಿಯಾಗಿ, ಹಳದಿಯಾಗಿ, ಒಂದೇ ಸಮ ಇದೆ. ಮನ್ಸೂರನ ಕೈ ಕೆಲಸ, ಅಳೆದು ಹಚ್ಚಿದ್ದು. ಒಂದು ಕಡೆ ಮಾತ್ರ, ಎರಡು ಗೇಣಿನಷ್ಟು, ಕರಗಿ ಹರಿದು ಕಪ್ಪಾಗಿದೆ. ಆ ಜಾಗದಲ್ಲಿ ರಿಮ್ಮಿಗೂ ಕರಿ ಹಿಡಿದಿದೆ. ಡೀಸೆಲ್ ಹೊಗೆಯ ಕರಿ, ಬೆರಳಿಗೆ ಹತ್ತುತ್ತದೆ. ಇಪ್ಪತ್ತು ವರ್ಷದಿಂದ ನೋಡಿದ್ದೇನೆ, ಗುರುತು ಸಿಗದೇ?

ಜೀಪಿನ ಹತ್ತಿರ ಹೋಗಿ ಸ್ಟ್ಯಾಂಡಿಗೆ ಚಕ್ರ ಹಿಡಿದು ನೋಡಿದೆ. ನನ್ನ ಪೈಪಿನ ಬಾಯಿಂದ ನಾಲ್ಕು ಬೆರಳು. ತೇರಗಾಂವಕ್ಕೆ ಮುಕ್ಕಾಲು ತಾಸು, ಏನೂ ಆಗಲಿಲ್ಲ. ಮುಂಡಗೋಡಕ್ಕೆ ಮೂರು ತಾಸು, ಘಟ್ಟದ ಏರು, ತುಂಬಿದ ಜೀಪು. ಮೂರು ತಾಸು ಆ ಚಕ್ರವನ್ನು ಬೇಯಿಸಿಕೊಂಡು ಒಯ್ದಿದ್ದೇನೆ. ನಾನೇ.

ಹದಿನಾಲ್ಕರಂದು ಒಂದು ಮಾತು ಬರೆಯದೆ ಬಿಟ್ಟಿದ್ದೆ. ಈಗ ಬರೆಯುತ್ತೇನೆ. ಮುಂಡಗೋಡದಲ್ಲಿ ಸೈಕಲ್ ಇಳಿಸಿದ್ದು ಕಾಜಲ್. ಮನ್ಸೂರ ನಂಬರ್ ಚೀಟಿ ತರಲು ಹೋಗಿದ್ದ. ಅವಳು ಚಕ್ರ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. "ಪಪ್ಪಾ, ರಿಮ್ ಭಾಳ ಬಿಸಿ ಐತಿ" ಎಂದಳು. ನಾನು "ಬಿಸಿಲಿಗೆ ಆಗಿರ್ತೈತಿ, ನಡಿ, ಲೇಟಾತು" ಎಂದೆ. ಎಂಟೂವರೆಯ ಬಿಸಿಲು. ನವೆಂಬರ್. ಮನ್ಸೂರ ಬಂದು, ಇನ್ನೊಮ್ಮೆ ಒತ್ತಿ ನೋಡಲೇ ಎಂದು ಕೇಳಿದ. ಅದಕ್ಕೂ ಬೇಡ ಎಂದೆ.

ಬಟ್ಟೆಗೆ ಸೀಮೆಎಣ್ಣೆ ಹಾಕಿ ರಿಮ್ಮು ಒರೆಸಿಬಿಟ್ಟೆ. ಕೈ ತಾನಾಗಿ ಒರೆಸಿತು.

26 ನವೆಂಬರ್, ಬುಧವಾರ

ರಂಜಾನ್ ಹಬ್ಬ. ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನವಾಯಿತು. ಪ್ರತಿ ಹಬ್ಬಕ್ಕೆ ಬರುವ ಹಾಗೆ ಮನ್ಸೂರನ ತಾಯಿ ಇಮಾಮಬಿ ಶಾವಿಗೆಯ ಶೀರ್‌ಕುರ್ಮಾದ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಅವನು ಬಂದಿರಲಿಲ್ಲ. ಚಂದ್ರಿ ಡಬ್ಬಿ ಮುಟ್ಟಲಿಲ್ಲ.

"ನಮ್ಮ ಮನಿಯೊಳಗ ಈ ಸಲ ಹಬ್ಬ ಇಲ್ಲವ್ವಾ," ಎಂದಳು.

ಮುದುಕಿ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ನಾನು ಪೇಪರ್ ಓದುತ್ತಿದ್ದೆ. ಒಂದು ಅಕ್ಷರ ತಲೆಗೆ ಹೋಗಲಿಲ್ಲ, ಆದರೂ ತಲೆ ಎತ್ತಲಿಲ್ಲ. ನಾನು ಹೇಡಿ. ಬೇರೆ ಶಬ್ದ ಹುಡುಕುವುದು ಬೇಡ.

7 ಡಿಸೆಂಬರ್, ರವಿವಾರ

ಸ್ಕೂಲಿನ ಸೈಕಲ್ಲುಗಳನ್ನೆಲ್ಲ ಟೀಚರು ಹಳಿಯಾಳದ ಅಂಗಡಿಗೆ ಹಾಕಿದ್ದಾರೆ. ಮನ್ಸೂರನ ಅಂಗಡಿಯ ಮುಂದೆ ಹಾದುಹೋದೆ. ನಿಲ್ಲಲಿಲ್ಲ. ಒಬ್ಬನೇ ಕುಳಿತು ಯಾರದೋ ಹಾಲಿನ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ. ಹಾಕಿದ್ದನ್ನು ಮತ್ತೆ ಮತ್ತೆ ನೀರಿಗೆ ಅದ್ದಿ ನೋಡುತ್ತಿದ್ದ. ಮೊದಲು ಹಾಗೆ ನೋಡುವವನಲ್ಲ.

ಮನೆಗೆ ಬಂದು ಪೈಪಿನ ಬಾಲವನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಹಾಕಿದೆ.

28 ಡಿಸೆಂಬರ್, ರವಿವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ಅರ್ಧಕ್ಕೆ ನಿಲ್ಲುತ್ತದೆ. ವ್ಯಾಯಾಮ ಮಾಡಿದರೆ ಇನ್ನಷ್ಟು ಬರಬಹುದು, ಪೂರ್ತಿ ಬರಲಾರದು. ಬರೆಯಲು ಅಡ್ಡಿಯಿಲ್ಲ ಎಂದರು ಡಾಕ್ಟರು, ಸಮಾಧಾನಕ್ಕೆ. ಹ್ಯಾಂಡಲ್ ಹಿಡಿಯುವುದನ್ನು ಅವಳು ಕೇಳಲೇ ಇಲ್ಲ.

ಮನೆಗೆ ಬಂದು ಇಳಿಯುವಾಗ ಜೀಪಿನ ಹಿಂದೆ ಸ್ವಲ್ಪ ಹೊತ್ತು ನಿಂತಳು.

"ಪಪ್ಪಾ, ಪೈಪ್ ಯಾಕ ಕೊಯ್ದಿ?"

"ಮಳಿ ಮುಗೀತಲ್ಲ."

"ಹ್ಞೂಂ," ಎಂದಳು. ಒಳಗೆ ಹೋದಳು. ಅವಳಿಗೆ ಗೊತ್ತಿದೆ. ರಿಮ್ ಬಿಸಿ ಇದ್ದದ್ದನ್ನು ಅಮ್ಮನಿಗೂ ಹೇಳಿಲ್ಲ, ಟೀಚರಿಗೂ ಹೇಳಿಲ್ಲ. ನನ್ನ ಮರ್ಯಾದೆ ಕಾಯುತ್ತಿದ್ದಾಳೆ, ಮುರಿದ ಕೈಯಲ್ಲಿ.

4 ಜನವರಿ 2004, ರವಿವಾರ. ಮಧ್ಯಾಹ್ನ 12

ಮನ್ಸೂರ ಬಂದಿದ್ದ. ತಾಯಿಯನ್ನು ಕರೆದುಕೊಂಡು ಹಜ್‌ಗೆ ಹೋಗುತ್ತಿದ್ದಾನೆ. ಮುದುಕಿಯ ಬಹಳ ವರ್ಷದ ಆಸೆ. ಹೊರಡುವ ಮುನ್ನ ಪರಿಚಯದವರ ಮನೆಮನೆಗೆ ಹೋಗಿ ಮಾಫಿ ಕೇಳುವುದು ಅವರ ರೂಢಿ. ಆಡಿದ್ದು, ಮಾಡಿದ್ದು ಇಲ್ಲೇ ತೀರಿಸಿ ಹೋಗಬೇಕು. ನಮ್ಮ ಮನೆಯನ್ನು ಕಡೆಗೆ ಇಟ್ಟುಕೊಂಡಿದ್ದನೇನೋ. ಅರ್ಧ ಆಗಿದ್ದಾನೆ. ಕುಳಿತುಕೊಳ್ಳಲಿಲ್ಲ.

"ದಿನೇಶಣ್ಣ, ಬರೂ ಶುಕ್ರವಾರ ಹೊಂಟೇವಿ. ನನ್ನ ಬಾಯಾಗ, ಕೈಯಾಗ ಏನಾರ ತಪ್ಪಾಗಿದ್ರ ಮಾಫ್ ಮಾಡ್ರಿ," ಎಂದ. ಆಮೇಲೆ ಕಾಜಲ್‌ಳ ಕಡೆ ತಿರುಗಿದ. "ಬೇಟಾ, ಆ ಚಕ್ರಕ್ಕ ನಾ ಸರಿ ಹಚ್ಚಿಲ್ಲ. ಎಲ್ಲಿ ತಪ್ಪಿದೆ ಅಂತ ದಿನಾ ವಿಚಾರ ಮಾಡ್ತೇನಿ, ತಿಳಿಯವಲ್ದು. ನೀ ಮಾಫ್ ಮಾಡಿದ್ರ ಅಷ್ಟ ನಾ ಅಲ್ಲಿ ಕಾಲಿಡಾಕ ಲಾಯಕ್ ಆಗ್ತೇನಿ."

ಕಾಜಲ್ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಬಾಯಿ ತೆರೆದಳು. ನಾನು ಅವಳಿಗಿಂತ ಮೊದಲು ಮಾತಾಡಿದೆ.

"ಆತು ಬಿಡು ಮನ್ಸೂರಭಾಯ್. ಮಾಫ್ ಮಾಡೇವಿ. ಮನಸ್ಸಿನ್ಯಾಗ ಇಟ್ಕೋಬ್ಯಾಡ."

ಅವನು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಚಂದ್ರಿಯೂ ಅತ್ತಳು, ಅವನಿಗೆ ಚಹಾ ಮಾಡಲು ಹೋದಳು. ಕಾಜಲ್ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ತಪ್ಪಿಗೆ ಅವನನ್ನು ನಾನು ಕ್ಷಮಿಸಿದೆ.

9 ಜನವರಿ, ಶುಕ್ರವಾರ

ಬಸ್‌ಸ್ಟ್ಯಾಂಡಿಗೆ ಹೋದೆ. ಹೇಳಿಯೇಬಿಡಬೇಕೆಂದು ಶಿಫ್ಟ್ ಬದಲಿಸಿಕೊಂಡು ಹೋದೆ. ಹೂವಿನ ಹಾರ, ಜನ, ಅಪ್ಪಿಕೊಳ್ಳುವವರು. ಅವನು ಕಿಟಕಿಯಿಂದ ನನ್ನನ್ನು ಕಂಡು ಕೈ ಎತ್ತಿದ. ಸಮಾಧಾನದ ಮುಖ. ಅಂಥ ಮುಖಕ್ಕೆ ಹೇಗೆ ಹೇಳಲಿ... ನೆಪ. ಎಲ್ಲ ನೆಪ. ಬಸ್ಸು ಹುಬ್ಬಳ್ಳಿ ಕಡೆ ಹೋಯಿತು.

ಕಾಜಲ್ ರವಿವಾರದಿಂದ ನನ್ನೊಡನೆ ಮಾತಾಡಿಲ್ಲ. ಕೇಳಿದ್ದಕ್ಕೆ ಹ್ಞೂಂ, ಊಹೂಂ. ಅಷ್ಟೇ.

1 ಫೆಬ್ರವರಿ, ರವಿವಾರ

ಮಾತಿಲ್ಲ. ಕೈ ವ್ಯಾಯಾಮ ಅವಳೇ ಮಾಡಿಕೊಳ್ಳುತ್ತಾಳೆ. ಹಿಡಿಯಲು ಹೋದರೆ ಕೈ ಹಿಂದಕ್ಕೆ ತೆಗೆಯುತ್ತಾಳೆ.

22 ಫೆಬ್ರವರಿ, ರವಿವಾರ. ಮಧ್ಯಾಹ್ನ 3

ಹೇಳಿದೆ.

ಮನ್ಸೂರ, ಇಮಾಮಬಿ ಗುರುವಾರ ಹಜ್‌ನಿಂದ ಬಂದಿದ್ದಾರೆ. ಜನ ಕರಗಲಿ ಎಂದು ಮೂರು ದಿನ ಕಾದೆ. ಮನ್ಸೂರ ತಲೆ ಬೋಳಿಸಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಅಂಗಡಿಯಲ್ಲೇ ಇದ್ದ. ನನ್ನನ್ನು ಕಂಡವನೇ ಎದ್ದು ಒಂದು ಸಣ್ಣ ಬಾಟಲಿಯಲ್ಲಿ ಮೆಕ್ಕಾದ ಜಮ್‌ಜಮ್ ನೀರು, ಒಂದು ಪೊಟ್ಟಣ ಖರ್ಜೂರ ಕೈಗಿಟ್ಟ.

"ಬೇಟಾಗ ಕೊಡ್ರಿ. ಅಕಿ ಕೈ ಸಲುವಾಗಿ ದುವಾ ಮಾಡೇನಿ. ಮತ್ತ ಅಲ್ಲಿ ತೌಬಾ ಮಾಡಿ, ಅಲ್ಲಾಗ ಮಾತು ಕೊಟ್ಟು ಬಂದೇನಿ ದಿನೇಶಣ್ಣ. ರೇಸಿನ ಚಕ್ರ ಇನ್ನ ಮುಟ್ಟೂದಿಲ್ಲ. ಪಂಕ್ಚರ್, ಗಾಳಿ, ಸಾಕು."

ಪೊಟ್ಟಣ ಬೆಂಚಿನ ಮೇಲಿಟ್ಟೆ. ಹೇಳಿದೆ. ಪೈಪು, ಕರಿ, ಸೀಮೆಎಣ್ಣೆ, ಕಾಜಲ್ ಅಂದ ಮಾತು, ನಾನು ಕೊಟ್ಟ ಉತ್ತರ. ನಡುವೆ ನಿಲ್ಲಲಿಲ್ಲ, ನಿಂತರೆ ಮತ್ತೆ ಆಗುತ್ತಿರಲಿಲ್ಲ. ಅವನು ಕೇಳುತ್ತ ಒಂದು ಕಡ್ಡಿಯಿಂದ ನೆಲ ಕೆರೆಯುತ್ತಿದ್ದ. ಮುಗಿದ ಮೇಲೂ ಕೆರೆಯುತ್ತಲೇ ಇದ್ದ.

"ನನ್ನ ಸೊಲ್ಯೂಷನ್ ಸರಿ ಇತ್ತು?"

"ಸರಿ ಇತ್ತು. ಕಲ್ಲಿನಂಗ ಇತ್ತು."

"ಕಾಬಾದ ಮುಂದ ನಿಂತು ನಾ ಮೊದಲ ಆ ಚಕ್ರದ ಮಾತು ಹೇಳಿದೆ. ಅಮ್ಮಾನ ಕಾಲಬ್ಯಾನಿ ಆಮ್ಯಾಲೆ ಹೇಳಿದೆ," ಎಂದ. ದನಿ ಏರಿಸಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಟೀಚರಿಗೆ ನಾನೇ ಹೇಳುತ್ತೇನೆ, ಸ್ಕೂಲಿನ ಸೈಕಲ್ಲು ವಾಪಸು ತರಿಸುತ್ತೇನೆ ಎಂದೆ. ತೌಬಾ ತೌಬಾನೇ, ಮಾತು ಕೊಟ್ಟದ್ದು ನಿಮಗಲ್ಲ ಎಂದ. ಕಡೆಗೆ ಮಾಫಿ ಕೇಳಿದೆ.

"ಮಾಫ್ ಮಾಡೇನಿ, ತಗೊಂಡು ಹೋಗ್ರಿ. ನನ್ನದೇನು, ನಾ ಗಂಡಸು, ತಡಕೋತೇನಿ. ಆ ಹುಡುಗಿ ಇಷ್ಟ ದಿನ ಬಾಯಿ ಮುಚ್ಚಿಕೊಂಡು ಕುಂತಾಳಲ್ಲ ದಿನೇಶಣ್ಣ, ನಿಮ್ಮ ಸಲುವಾಗಿ. ಅಕೀನ್ನ ಕೇಳೀರೇನು?"

ಇಲ್ಲ. ಅವಳನ್ನು ಕೇಳಬೇಕು ಎಂಬುದು ತಲೆಗೇ ಬಂದಿರಲಿಲ್ಲ.

ಅದೇ ದಿನ. ಸಂಜೆ 6

ಟೀಚರ ಮನೆಗೆ ಹೋಗಿ ಹೇಳಿ ಬಂದೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ಚಂದ್ರಿಗೂ ಹೇಳಿದೆ. ಅವಳು ಚಪ್ಪಲಿ ಮೆಟ್ಟಿ ಇಮಾಮಬಿಯ ಮನೆಗೆ ಹೋದಳು.

ಮನೆಯಲ್ಲಿ ಇಬ್ಬರೇ. ಕಾಜಲ್ ಒಳಕೋಣೆಯಲ್ಲಿ ಬರೆಯುತ್ತಿದ್ದಾಳೆ. ಬಾಗಿಲು ತೆರೆದಿದೆ. ಅಮ್ಮನಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಮಗಳ ಹತ್ತಿರ ಮಾಫಿ ಕೇಳುವುದನ್ನು ನಮ್ಮಲ್ಲಿ ಯಾರೂ ಕಲಿಸಿಲ್ಲ. ಮೂರು ಸಲ ಎದ್ದೆ, ಮೂರು ಸಲ ಕುಳಿತೆ. ಎದುರು ನಿಂತರೆ ಬಾಯಿಂದ ಮತ್ತೇನಾದರೂ ಬಂದೀತು, ಊಟ ಆಯಿತೇನು, ಓದು ಹೇಗೆ ನಡೆದಿದೆ...

ಪೆನ್ನು ಕೆಳಗಿಟ್ಟಳು. ಇತ್ತ ನೋಡುತ್ತಿದ್ದಾಳೆ.

"ಪಪ್ಪಾ, ಏನ್ ಬರಿಯಾಕ್ಹತ್ತಿ?"

ಜನವರಿ ನಾಲ್ಕರಿಂದ ತಾನಾಗಿ ಆಡಿದ ಮೊದಲ ಮಾತು. ಕುರ್ಚಿ ಸರಿಸಿದಳು. ಬರುತ್ತಿದ್ದಾಳೆ. ಈ ಪುಸ್ತಕ ಮುಚ್ಚುವುದಿಲ್ಲ. ರಿಮ್ ಬಿಸಿ ಇದ್ದ ಮಾತು ಬರೆದ ನವೆಂಬರ್ ಹದಿನೆಂಟರ ಹಾಳೆ ತೆಗೆದು ಅವಳ ಕೈಗೆ...